ಚಿಮಣಿ ಕೊಳ್ಳುವ ಮೊದಲು ಗೋಡೆಯ ತೂತು ಹುಡುಕಿ: ನಮ್ಮ ಅಡುಗೆಮನೆಯ ಐದು ತಿಂಗಳು

ಹೋದ ಭಾನುವಾರ ನಮ್ಮತ್ತೆ ಹೊಸ ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿದರು. ಹಾಲ್‌ನಲ್ಲಿ ಕೂತಿದ್ದ ಯಾರಿಗೂ ಕೆಮ್ಮು ಬರಲಿಲ್ಲ. ಬಟ್ಟೆಗೆ ಘಾಟು ಹತ್ತಲಿಲ್ಲ. ಇಷ್ಟೇ ವಿಷಯ. ಆದರೆ ಈ ಒಂದು ಭಾನುವಾರಕ್ಕಾಗಿ ನಾವು ಐದು ತಿಂಗಳು ಓಡಾಡಿದ್ದೇವೆ. ದುಡ್ಡೂ ಅಂದುಕೊಂಡದ್ದಕ್ಕಿಂತ ಜಾಸ್ತಿ ಹೋಯಿತು. ಹೊಸ ಫ್ಲ್ಯಾಟಿನ ಕೀಲಿ ಕೈಗೆ ಬಂದವರು, ಈಗಷ್ಟೇ ಮಾಡ್ಯುಲರ್ ಕಿಚನ್‌ಗೆ ಅಡ್ವಾನ್ಸ್ ಕೊಡಲು ಹೊರಟವರು ಯಾರಾದರೂ ಇದ್ದರೆ ಅವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನಲ್ಲಿ ಏಳನೇ ಮಹಡಿಯ ಮನೆ. ಅಡುಗೆಮನೆ 11 ಅಡಿ ಉದ್ದ, 8 ಅಡಿ ಅಗಲ. ಎರಡೂ ಕಡೆ ಪ್ಲಾಟ್‌ಫಾರಂ. ಎದುರಿಗೆ ಬಟ್ಟೆ ಒಗೆದು ಒಣಗಿಸುವ ಯುಟಿಲಿಟಿಗೆ ಹೋಗುವ ಬಾಗಿಲು, ಅದರ ಪಕ್ಕದಲ್ಲೇ ಒಂದು ಕಿಟಕಿ. ಡೈನಿಂಗ್ ಕಡೆಗೆ ಬಾಗಿಲಿಲ್ಲ, ಪೂರ್ತಿ ತೆರೆದಿದೆ. ಜೂನ್‌ನಲ್ಲಿ ಗೃಹಪ್ರವೇಶ ಮಾಡಿದೆವು. ಒಂದೇ ಬರ್ನರಿನ ಸಣ್ಣ ಸ್ಟವ್ ಇಟ್ಟು ಹಾಲು ಉಕ್ಕಿಸಿದೆವು. ಅವತ್ತು ಒಗ್ಗರಣೆ ಹಾಕಿದ ಹೊಗೆ ನೇರವಾಗಿ ದೇವರ ಮನೆವರೆಗೂ ಹೋಯಿತು. ಒಲೆಯ ಮೇಲಿನ ಹೊಗೆಯನ್ನು ಎಳೆದು ಹೊರಗೆ ಬಿಡುವ ಚಿಮಣಿ ಬೇಕೇ ಬೇಕು ಅಂತ ಅವತ್ತೇ ತೀರ್ಮಾನ ಆಯಿತು.

ಮೊದಲ ತಪ್ಪು ಅಲ್ಲಿಂದಲೇ ಶುರು. ನಾವು ಬಣ್ಣದಿಂದ ಶುರು ಮಾಡಿದೆವು. ಮೊಬೈಲಿನಲ್ಲಿ ನೂರಾರು ಫೋಟೋ ನೋಡಿ, ಕೆಳಗಿನ ಕಪಾಟು ಹಸಿರು, ಮೇಲಿನದು ಕೆನೆ ಬಣ್ಣ, ನಡುವೆ ಕಪ್ಪು ಗಾಜಿನ ಓರೆ ಚಿಮಣಿ ಅಂತ ಮನಸ್ಸಿನಲ್ಲೇ ಚಿತ್ರ ಬಿಡಿಸಿಕೊಂಡಿದ್ದೆ. ಮಾಡ್ಯುಲರ್ ಕಿಚನ್ ಕಂಪನಿಯವರು ಬಂದು ಅಳತೆ ತೆಗೆದುಕೊಂಡು ಹೋದರು. ಒಂದು ವಾರಕ್ಕೆ ತ್ರೀಡಿ ಚಿತ್ರ ಕಳಿಸಿದರು. ನೋಡಿ ಕಣ್ಣು ತುಂಬಿ ಬಂತು, ಅಷ್ಟು ಚೆನ್ನಾಗಿತ್ತು. ಎಡಗಡೆ ಪ್ಲಾಟ್‌ಫಾರಂನ ನಟ್ಟನಡುವೆ ಹಾಬ್ (ಗ್ರಾನೈಟ್ ಕತ್ತರಿಸಿ ಅದರೊಳಗೆ ಕೂರಿಸುವ ಗ್ಯಾಸ್ ಒಲೆ), ಅದರ ಮೇಲೆ ಚಿಮಣಿ, ಎರಡೂ ಕಡೆ ಸಮನಾಗಿ ಕಪಾಟು. ಅರ್ಧ ದುಡ್ಡು ಕಟ್ಟಿಬಿಟ್ಟೆವು.

ಆ ಚಿತ್ರವನ್ನು ಈಗ ತೆಗೆದು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಚಿಮಣಿಯ ಮೇಲಿನ ಸ್ಟೀಲ್ ಕೊಳವೆ ನೇರವಾಗಿ ಫಾಲ್ಸ್ ಸೀಲಿಂಗ್‌ವರೆಗೆ ಹೋಗಿ ಅಲ್ಲೇ ನಿಂತಿದೆ. ಅಲ್ಲಿಂದ ಹೊಗೆ ಎಲ್ಲಿಗೆ ಹೋಗುತ್ತದೆ ಅಂತ ಚಿತ್ರದಲ್ಲಿ ಇಲ್ಲ. ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಿಮಗೆ ಯಾರಾದರೂ ಇಂಥ ಚಿತ್ರ ತೋರಿಸಿದರೆ ಆ ಕೊಳವೆಯ ಮೇಲೆ ಬೆರಳಿಟ್ಟು, ಇದು ಇಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಉತ್ತರ ಸಿಗುವವರೆಗೂ ಅಡ್ವಾನ್ಸ್ ಕೊಡಬೇಡಿ.

ಆಗಸ್ಟ್ 15ರ ಆಫರ್ ಬಂತು. ಅಂಗಡಿಗೆ ಹೋಗಿ 60 ಸೆಂಟಿಮೀಟರ್ ಅಗಲದ ಚಿಮಣಿ, 4 ಬರ್ನರಿನ ಹಾಬ್ ಎರಡನ್ನೂ ಒಟ್ಟಿಗೆ ತಂದೆವು. ಚಿಮಣಿ 60 ಯಾಕೆ ಅಂದರೆ, ಚಿತ್ರದಲ್ಲಿ ಅಷ್ಟೇ ಜಾಗ ಬಿಟ್ಟಿದ್ದರು. ಸಣ್ಣದಾದರೆ ಕಪಾಟಿಗೆ ಜಾಗ ಜಾಸ್ತಿ ಸಿಗುತ್ತೆ ಅನ್ನುವುದು ಡಿಸೈನರ್ ಲೆಕ್ಕ. ಅಂಗಡಿಯವರು ಗಂಟೆಗೆ 1200 ಘನ ಮೀಟರ್ ಎಳೆಯುತ್ತೆ ಮೇಡಂ, ಯೋಚನೆ ಬೇಡ ಅಂದರು. ನಾನೂ ನಂಬಿದೆ.

ಸೆಪ್ಟೆಂಬರ್ ಎರಡನೇ ವಾರ ಗ್ರಾನೈಟ್ ಕೂರಿಸಿ ಮುಗಿದಿತ್ತು. ಮರುದಿನ ಬೆಳಗ್ಗೆ ಹಾಬ್‌ಗೆ ಗ್ರಾನೈಟ್ ಕತ್ತರಿಸುವವರು ಬರಬೇಕಿತ್ತು. ಹಿಂದಿನ ದಿನ ಸಂಜೆ ಚಿಮಣಿ ಕಂಪನಿಯ ಟೆಕ್ನಿಷಿಯನ್ ಜಾಗ ನೋಡಲು ಬಂದರು. ಅದಕ್ಕೂ ಮೊದಲು ಎರಡು ಸಲ ಬರ್ತೀನಿ ಅಂತ ಹೇಳಿ ಬಂದಿರಲಿಲ್ಲ, ಎರಡು ದಿನ ನಾನು ಆಫೀಸಿಗೆ ರಜೆ ಹಾಕಿ ಕಾದಿದ್ದೆ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸಿನ ಹುಡುಗ. ಒಳಗೆ ಬಂದವರೇ ಗೋಡೆಯ ಮೇಲ್ಭಾಗ ಸುತ್ತ ನೋಡಿದರು. “ಹೋಲ್ ಎಲ್ಲಿದೆ ಅಕ್ಕಾ?” ಅಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ಕೊರೆದರೆ ಆಯ್ತಲ್ವಾ ಅಂದೆ. ಅವರು ಗೋಡೆಗೆ ಬೆರಳಿನ ಗೆಣ್ಣಿನಿಂದ ಕುಟ್ಟಿದರು. ಇಟ್ಟಿಗೆ ಗೋಡೆಯ ಸದ್ದಲ್ಲ, ಬಂಡೆಗೆ ಕುಟ್ಟಿದ ಹಾಗೆ. “ಇದು ಮೈವಾನ್ ಬಿಲ್ಡಿಂಗ್ ಅಕ್ಕಾ. ಪೂರ್ತಿ ಕಾಂಕ್ರೀಟ್. ಕೊರೆಯೋಕೆ ಅಸೋಸಿಯೇಷನ್ ಬಿಡಲ್ಲ” ಅಂದರು.

ಇದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಈಗ ಕಟ್ಟುವ ಎಷ್ಟೋ ಎತ್ತರದ ಅಪಾರ್ಟ್‌ಮೆಂಟ್‌ಗಳಲ್ಲಿ ಇಟ್ಟಿಗೆ ಗೋಡೆ ಇರುವುದಿಲ್ಲ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ, ಕಂಬಿ ಕಟ್ಟಿ, ಗೋಡೆ ಮತ್ತು ಚಾವಣಿಗೆ ಒಟ್ಟಿಗೆ ಕಾಂಕ್ರೀಟ್ ಸುರಿಯುತ್ತಾರೆ. ಆ ಗೋಡೆಯೇ ಕಟ್ಟಡದ ಭಾರ ಹೊರುತ್ತದೆ. 6 ಇಂಚಿನ ತೂತು ಕೊರೆದರೆ ಒಳಗಿನ ಕಂಬಿ ತುಂಡಾಗಬಹುದು. ಹಾಗಾಗಿ ಚಿಮಣಿಗೆ, ಏಸಿಗೆ ಬೇಕಾದ ತೂತುಗಳನ್ನು ಬಿಲ್ಡರ್ ಮೊದಲೇ ಪೈಪ್ ಇಟ್ಟು ಬಿಟ್ಟಿರುತ್ತಾರೆ. ಎಷ್ಟೋ ಸಲ ಅದನ್ನು ಥರ್ಮಕೋಲ್ ತುರುಕಿ ಮುಚ್ಚಿ, ಮೇಲೆ ಬಣ್ಣ ಹೊಡೆದುಬಿಡುತ್ತಾರೆ. ಮನೆ ಕೊಡುವಾಗ ಕೊಟ್ಟ ನಕ್ಷೆಯಲ್ಲಿ ಸಣ್ಣ ಸುತ್ತಾಗಿ ಗುರುತು ಇರುತ್ತದೆ.

ಅವತ್ತು ರಾತ್ರಿ ಬೀರುವಿನಿಂದ ಆ ಕಡತ ತೆಗೆದೆವು. ಸೇಲ್ ಡೀಡ್, ಖಾತಾ ಕಾಗದಗಳ ಕೆಳಗೆ ನಕ್ಷೆ ಮಡಿಚಿಕೊಂಡೇ ಇತ್ತು, ಒಂದು ಸಲವೂ ಬಿಚ್ಚಿರಲಿಲ್ಲ. ಊಟದ ಮೇಜಿನ ಮೇಲೆ ಹರಡಿ ಹುಡುಕಿದೆವು. ಯುಟಿಲಿಟಿ ಕಡೆಯ ಗೋಡೆಯಲ್ಲಿ, ಕಿಟಕಿಗೂ ಮೂಲೆಗೂ ನಡುವೆ ಗುರುತು ಸಿಕ್ಕಿತು. ನಮ್ಮ ಯಜಮಾನರು ಟಾರ್ಚ್ ಹಿಡಿದು ಏಣಿ ಹತ್ತಿ, ಆ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರು. ಮೆತ್ತಗೆ ಒಳಗೆ ಹೋಯಿತು. ಬಿಳಿ ಥರ್ಮಕೋಲ್ ಪುಡಿ ಗ್ರಾನೈಟ್ ಮೇಲೆ ಉದುರಿತು. ಸಿಕ್ಕಿತಲ್ಲ ಅಂತ ಸಂತೋಷಪಟ್ಟೆವು. ಟೇಪ್ ಹಿಡಿದು ನೋಡಿದರೆ 4 ಇಂಚು!

ನಮ್ಮ ಚಿಮಣಿಗೆ ಬೇಕಾದದ್ದು 6 ಇಂಚಿನ ಪೈಪ್. ಎರಡೇ ಇಂಚು ಕಡಿಮೆ ಅನ್ನಿಸಬಹುದು. ಆದರೆ ಬಾಯಿಯ ವಿಸ್ತೀರ್ಣ ಲೆಕ್ಕ ಹಾಕಿ: 6 ಇಂಚಿನ ಪೈಪಿಗೆ ಸುಮಾರು 28 ಚದರ ಇಂಚು, 4 ಇಂಚಿನದಕ್ಕೆ ಬರೀ ಹನ್ನೆರಡೂವರೆ. ಅರ್ಧಕ್ಕಿಂತ ಕಡಿಮೆ. ಅಷ್ಟೇ ಗಾಳಿ ಅಷ್ಟು ಸಣ್ಣ ದಾರಿಯಲ್ಲಿ ಹೋಗಬೇಕಾದರೆ ಸದ್ದು ಜೋರಾಗುತ್ತದೆ, ಎಳೆತ ಬೀಳುತ್ತದೆ, ಮೋಟಾರ್ ಒದ್ದಾಡುತ್ತದೆ. ದೊಡ್ಡ ಪೈಪನ್ನು ಸಣ್ಣ ತೂತಿಗೆ ಹೊಂದಿಸುವ ರಿಡ್ಯೂಸರ್ ಹಾಕಿ ಕೂರಿಸಿಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಆ ರಾತ್ರಿಯೇ ಗ್ರಾನೈಟ್‌ನವರಿಗೆ ಫೋನ್ ಮಾಡಿ, ನಾಳೆ ಬರಬೇಡಿ ಅಣ್ಣ ಅಂದೆ. ಇಡೀ ಪ್ರಯಾಣದಲ್ಲಿ ನಾವು ಮಾಡಿದ ಅತಿ ಒಳ್ಳೆ ಕೆಲಸ ಅದು. ಕಪಾಟನ್ನು ಬಿಚ್ಚಿ ಸರಿಮಾಡಬಹುದು, ಕತ್ತರಿಸಿದ ಗ್ರಾನೈಟನ್ನು ಮತ್ತೆ ಕೂಡಿಸಲಾಗುವುದಿಲ್ಲ. ಮಲಗಿದರೂ ನಿದ್ದೆ ಬರಲಿಲ್ಲ. ಲೋನ್ ತೆಗೆದು ಮಾಡುತ್ತಿರುವ ಮನೆ, ಪ್ರತಿ ಸಾವಿರವೂ ಲೆಕ್ಕದ್ದೇ.

ಮರುದಿನ ಅಸೋಸಿಯೇಷನ್ ಆಫೀಸಿಗೆ ಹೋದೆ. ಅರ್ಜಿ ಫಾರಂ, ಮನೆ ಒಳಗಿನ ಕೆಲಸದ ವಿವರ, ಕೆಲಸದವರ ಆಧಾರ್ ಪ್ರತಿ, ವಾಪಸ್ ಕೊಡುವ ಡೆಪಾಸಿಟ್ ಅಂತ 10,000 ರೂಪಾಯಿ ಚೆಕ್. ಡ್ರಿಲ್ಲಿಂಗ್ ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಮಾತ್ರ, ಭಾನುವಾರ ಇಲ್ಲ. ಪೈಪ್ ಕಟ್ಟಡದ ಮುಂಭಾಗಕ್ಕೆ ಕಾಣುವಂತಿಲ್ಲ, ಯುಟಿಲಿಟಿ ಕಡೆಗೆ ಮಾತ್ರ. ಇದೆಲ್ಲ ಅವರು ಮನೆ ಕೊಡುವಾಗ ಕೊಟ್ಟ ಪುಸ್ತಕದಲ್ಲೇ ಇತ್ತು. ತೂತು ದೊಡ್ಡದು ಮಾಡಬಹುದಾ ಅಂತ ಕೇಳಿದ್ದಕ್ಕೆ ಅಲ್ಲಿನ ಇಂಜಿನಿಯರ್ ಖಡಾಖಂಡಿತವಾಗಿ ಇಲ್ಲ ಅಂದರು. ಆದರೆ ಅವರೇ ದಾರಿಯನ್ನೂ ತೋರಿಸಿದರು. ಯುಟಿಲಿಟಿ ಕಡೆಯ ಕಿಟಕಿಯಲ್ಲಿ ಮೇಲ್ಗಡೆ ಕದಲದ ಗಾಜಿನ ಪಟ್ಟಿ ಇದೆಯಲ್ಲ, ಆ ಗಾಜು ತೆಗೆದು ಅಲ್ಯೂಮಿನಿಯಂ ಶೀಟ್ ಹಾಕಿಸಿ, ಅದರಲ್ಲಿ 6 ಇಂಚಿನ ತೂತು ಮಾಡಿಸಿ, ಗೋಡೆ ಮುಟ್ಟಲೇಬೇಡಿ ಅಂದರು. ತೆಗೆದ ಗಾಜನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಬೇಕಾದರೆ ವಾಪಸ್ ಹಾಕಬಹುದು ಅಂತಲೂ ಹೇಳಿದರು. ಆ ಮಾತು ಕೇಳಿ ನನಗಾದ ನಿರಾಳ ಹೇಳಲಾಗದು. ಒಪ್ಪಿಗೆ ಪತ್ರಕ್ಕೆ ಮಾತ್ರ ಹನ್ನೊಂದು ದಿನ ಕಾದೆವು. ಸಹಿ ಹಾಕುವವರು ಊರಲ್ಲಿರಲಿಲ್ಲ.

ಆ ಹನ್ನೊಂದು ದಿನಗಳಲ್ಲಿ ನಾವು ಎಲ್ಲವನ್ನೂ ಮತ್ತೆ ಮೊದಲಿಂದ ಯೋಚಿಸಿದೆವು, ಈ ಸಲ ತೂತಿನಿಂದ ಶುರು ಮಾಡಿ. ಕಿಟಕಿಯಿಂದ ಹಾಬ್‌ಗೆ ಎಷ್ಟು ದೂರ? ಹಳೆ ಚಿತ್ರದಲ್ಲಿ ಐದೂವರೆ ಅಡಿ. ಕಿಟಕಿಯಾಚೆ ಯುಟಿಲಿಟಿಯ ಗ್ರಿಲ್‌ವರೆಗೆ ಇನ್ನೂ ಮೂರೂವರೆ ಅಡಿ. ಯಾಕೆಂದರೆ ಹೊಗೆಯನ್ನು ಯುಟಿಲಿಟಿ ಒಳಗೇ ಬಿಟ್ಟರೆ ಒಣಗಿ ಹಾಕಿದ ಬಟ್ಟೆಗೆಲ್ಲ ಎಣ್ಣೆ ವಾಸನೆ. ಅಂದರೆ ಒಟ್ಟು ಒಂಬತ್ತು ಅಡಿ ಪೈಪ್. ಪೈಪ್ ಉದ್ದವಾದಷ್ಟೂ, ತಿರುವು ಹೆಚ್ಚಾದಷ್ಟೂ ಎಳೆತ ಕಡಿಮೆ. ಡಬ್ಬದ ಮೇಲೆ ಬರೆದಿರುವ 1200 ಅನ್ನುವ ಅಂಕಿ ಪೂರ್ತಿ ವೇಗದಲ್ಲಿ, ದಾರಿಯಲ್ಲಿ ಏನೂ ಅಡ್ಡಿ ಇಲ್ಲದಾಗಿನ ಲೆಕ್ಕ. ಹಾಗಂತ ಅಂಕಿಗೆ ಹೆದರಬೇಕಿಲ್ಲ. ನಮ್ಮ ಅಡುಗೆಮನೆಯ ಗಾಳಿ ಸುಮಾರು 24 ಘನ ಮೀಟರ್. ಗಂಟೆಗೆ 10ರಿಂದ 15 ಸಲ ಆ ಗಾಳಿ ಬದಲಾಗಬೇಕು ಅಂತ ಲೆಕ್ಕ ಹಾಕುತ್ತಾರೆ. ಅಂದರೆ 240ರಿಂದ 360. ತೆರೆದ ಅಡುಗೆಮನೆ, ನಮ್ಮ ಒಗ್ಗರಣೆ ಅಂತ ಇನ್ನಷ್ಟು ಸೇರಿಸಿಕೊಂಡರೂ ದಾರಿ ಸರಿಯಿದ್ದರೆ ಸಾಕಷ್ಟಾಗುತ್ತದೆ. ದಾರಿ ಕೆಟ್ಟಿದ್ದರೆ ಎಷ್ಟು ದೊಡ್ಡ ಅಂಕಿ ತಂದರೂ ಪ್ರಯೋಜನ ಇಲ್ಲ.

ಹಾಗಾಗಿ ಹಾಬ್ ಅನ್ನು ಕಿಟಕಿ ಕಡೆಗೆ ಎರಡೂವರೆ ಅಡಿ ಸರಿಸಲು ನಿರ್ಧರಿಸಿದೆವು. ಕಿಟಕಿಯ ಗೋಡೆಯಿಂದ ಹಾಬ್ ನಡುವಿಗೆ 3 ಅಡಿ. ಪೂರ್ತಿ ಗೋಡೆಗೆ ತಾಗಿಸಲಿಲ್ಲ. ತಾಗಿಸಿದರೆ ಬಾಣಲೆಯ ಹಿಡಿಗೆ ಜಾಗ ಇರಲ್ಲ, ಕಿಟಕಿಯ ಗಾಳಿ ಉರಿಗೆ ಹೊಡೆಯುತ್ತದೆ. ನಟ್ಟನಡುವೆ ಚಿಮಣಿ, ಎರಡೂ ಕಡೆ ಸಮ ಅನ್ನುವ ಚೆಂದ ಹೋಯಿತು. ಡಿಸೈನರ್‌ಗೆ ಬೇಜಾರಾಯಿತು. ನನಗೂ ಒಂದು ದಿನ ಬೇಜಾರಿತ್ತು. ಆಮೇಲೆ ನೋಡಿದರೆ ಹಾಬ್‌ನ ಇನ್ನೊಂದು ಪಕ್ಕ ಉದ್ದಕ್ಕೆ ಐದಡಿಗಿಂತ ಜಾಸ್ತಿ ಖಾಲಿ ಜಾಗ ಸಿಕ್ಕಿತು, ತರಕಾರಿ ಹೆಚ್ಚಲು, ರೊಟ್ಟಿ ಬಡಿಯಲು. ಹಾಬ್ ನಡುವೆ ಇದ್ದಿದ್ದರೆ ಎರಡೂ ಕಡೆ ಸಣ್ಣ ಸಣ್ಣ ತುಂಡು ಉಳಿಯುತ್ತಿತ್ತು.

ಅಷ್ಟರಲ್ಲಿ ಹಾವೇರಿಯಿಂದ ಅತ್ತೆ ಬಂದರು. ಅವರು ಬಂದದ್ದೇ ದೊಡ್ಡ ತಿರುವು. ಹಾಬ್‌ನ ಡಬ್ಬ ಬಿಚ್ಚದೆ ಹಾಗೇ ಇಟ್ಟಿದ್ದೆವು, ಮೇಲಿನ ಚಿತ್ರ ನೋಡಿದರು. “ಅಲ್ಲವಾ, ಈ ಒಲಿ ಮ್ಯಾಲ ನನ್ನ ಹಂಚು ಹೆಂಗ ಕುಂದ್ರತೈತಿ?” ಅಂದರು. ಅವರ ರೊಟ್ಟಿ ಹಂಚು 13 ಇಂಚು ಅಗಲ. ನಾಲ್ಕು ಬರ್ನರ್ ಹತ್ತಿರ ಹತ್ತಿರ ಇರುವ ಹಾಬ್‌ನಲ್ಲಿ ಹಂಚು ಇಟ್ಟರೆ ಪಕ್ಕದ ಎರಡು ಬರ್ನರ್ ಕೆಲಸಕ್ಕೆ ಬರುವುದಿಲ್ಲ. ಹೆಸರಿಗೆ ನಾಲ್ಕು, ಬಳಕೆಗೆ ಎರಡು. ಅತ್ತೆ ಹಂಚನ್ನೇ ಡಬ್ಬದ ಮೇಲಿನ ಚಿತ್ರದ ಪಕ್ಕ ಇಟ್ಟು ತೋರಿಸಿದರು. ಅವರ ಮಾತು ನೂರಕ್ಕೆ ನೂರು ಸರಿ.

ಮತ್ತೊಂದು ಪ್ರಶ್ನೆ ಎತ್ತರದ್ದು. ಹಾಬ್‌ನಿಂದ ಚಿಮಣಿಗೆ ಎಷ್ಟು ಅಂತರ ಅನ್ನುವುದು ಆಯಾ ಚಿಮಣಿಯ ಪುಸ್ತಕದಲ್ಲಿ ಇರುತ್ತದೆ. ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್. ತೀರಾ ಕೆಳಗಾದರೆ ಬೆಂಕಿಯ ಅಪಾಯ, ತೀರಾ ಮೇಲಾದರೆ ಹೊಗೆ ತಪ್ಪಿಸಿಕೊಳ್ಳುತ್ತದೆ. ಆದರೆ ನನ್ನ ಎತ್ತರ 5 ಅಡಿ 2 ಇಂಚು, ಯಜಮಾನರದು 5 ಅಡಿ 11. ಇಬ್ಬರೂ ಅಡುಗೆ ಮಾಡುತ್ತೇವೆ. ಪುಸ್ತಕದ ಅಳತೆ ನಮ್ಮ ಹಣೆಗೆ ಸರಿಹೋಗುತ್ತಾ ಅಂತ ನೋಡಬೇಕಿತ್ತು.

ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಬಾಲ್ಕನಿಯಲ್ಲಿ ಬಿದ್ದಿತ್ತು. ಅದನ್ನು ಕತ್ತರಿಸಿ, 90 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಮುಂಚಾಚು ಬರುವ ಹಾಗೆ ಮಡಿಚಿ ಒಂದು ಸುಳ್ಳು ಚಿಮಣಿ ಮಾಡಿದೆವು. ಅಗಲದ ಟೇಪ್ ಹಚ್ಚಿ ಗೋಡೆಗೆ ಅಂಟಿಸಿದೆವು. ಕೆಳಗೆ ಗ್ರಾನೈಟ್ ಮೇಲೆ ಚಾಕ್‌ಪೀಸಿನಿಂದ ಬರ್ನರ್‌ಗಳನ್ನು ಬರೆದೆವು. ಅತ್ತೆ ತಮ್ಮ ಹಂಚನ್ನು ಚಾಕ್ ಗೆರೆಯ ಮೇಲಿಟ್ಟು, ಕೈಯಲ್ಲಿ ಬಟ್ಟೆ ಹಿಡಿದು, ರೊಟ್ಟಿಗೆ ನೀರು ಸವರುವ ಹಾಗೆ ಸವರಿ ನೋಡಿದರು. “ನನಗೇನೂ ತ್ರಾಸ ಇಲ್ಲವಾ, ಅವಗ ನೋಡ್ರಿ” ಅಂತ ಮಗನ ಕಡೆ ಕೈ ಮಾಡಿದರು. ಯಜಮಾನರು ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವ ಹಾಗೆ ಬಗ್ಗಿದರು. ಹಣೆ ರಟ್ಟಿಗೆ ತಗುಲಿತು. ಪೆಟ್ಟಿಗೆಯನ್ನು 65ರಿಂದ 70ಕ್ಕೆ ಏರಿಸಿದೆವು. ಪೆನ್ಸಿಲಿನಲ್ಲಿ ಗೆರೆ ಎಳೆದೆವು. 70ರಲ್ಲಿ ಅವರಿಗೂ ಸರಿಹೋಯಿತು, ನನ್ನ ಕೈಗೂ ಸ್ವಿಚ್ ಎಟುಕುತ್ತಿತ್ತು. ಎರಡು ದಿನ ಆ ಪೆಟ್ಟಿಗೆ ಗೋಡೆಯ ಮೇಲೆಯೇ ಇತ್ತು. ಬಂದವರೆಲ್ಲ ಒಂದು ಸಲ ಕೆಳಗೆ ನಿಂತು ನೋಡಿದರು. ದಯವಿಟ್ಟು ನೀವೂ ಇದನ್ನು ಮಾಡಿ. ಒಂದು ರೂಪಾಯಿ ಖರ್ಚಿಲ್ಲ.

ಈ ಪ್ರಯೋಗದಿಂದ ಗೊತ್ತಾದದ್ದು ಇನ್ನೊಂದಿದೆ. ಹಾಬ್‌ಗಿಂತ ಚಿಮಣಿ ಅಗಲವಾಗಿರಬೇಕು, ಕಡೇಪಕ್ಷ ಅಷ್ಟಾದರೂ ಇರಬೇಕು. ಹೊಗೆ ಮೇಲೇರುತ್ತಾ ಹರಡುತ್ತದೆ. 60ರ ಚಿಮಣಿ ಹಾಕಿದ್ದರೆ ಕೊನೆಯ ಬರ್ನರಿನ ಒಗ್ಗರಣೆ ಹೊಗೆ ನೇರವಾಗಿ ಕೆನೆ ಬಣ್ಣದ ಕಪಾಟಿಗೆ ಬಡಿಯುತ್ತಿತ್ತು. ಓರೆ ಗಾಜಿನ ಚಿಮಣಿ ನೋಡಲು ಚೆಂದ, ತಲೆಗೂ ತಾಗುವುದಿಲ್ಲ. ಆದರೆ ಅದು ಗೋಡೆಗೆ ಅಂಟಿಕೊಂಡಂತೆ ಇರುವುದರಿಂದ ಮುಂದಿನ ಬರ್ನರಿನ ಹೊಗೆ ಸ್ವಲ್ಪ ತಪ್ಪಿಸಿಕೊಳ್ಳುತ್ತದೆ. ನಮ್ಮ ರೊಟ್ಟಿ, ದೋಸೆ ಎಲ್ಲ ಮುಂದಿನ ಬರ್ನರಿನಲ್ಲೇ. ಹಾಗಾಗಿ ನೇರ ಚಿಮಣಿಯೇ ಬೇಕು ಅಂದುಕೊಂಡೆವು.

ಅಂಗಡಿಗೆ ವಾಪಸ್ ಹೋದೆವು. ಡಬ್ಬ ಬಿಚ್ಚಿರಲಿಲ್ಲ, ಬಿಲ್ ಇತ್ತು. ಆದರೂ ಮೊದಲು ಆಗಲ್ಲ ಅಂದರು. ಮ್ಯಾನೇಜರ್ ಜೊತೆ ಮುಕ್ಕಾಲು ಗಂಟೆ ಕೂತು ಮಾತಾಡಿದ ಮೇಲೆ, ಹೆಚ್ಚಿನ ದುಡ್ಡು ಕಟ್ಟಿ ಬದಲಾಯಿಸಿಕೊಳ್ಳಿ ಅಂತ ಒಪ್ಪಿದರು. 90 ಸೆಂಟಿಮೀಟರಿನ ನೇರ ಸ್ಟೀಲ್ ಚಿಮಣಿ, ಬ್ಯಾಫಲ್ ಫಿಲ್ಟರ್. ಜೊತೆಗೆ 75 ಸೆಂಟಿಮೀಟರಿನ 3 ಬರ್ನರ್ ಹಾಬ್, ಬರ್ನರ್‌ಗಳ ನಡುವೆ ಒಳ್ಳೆ ಅಂತರ ಇರುವುದು. ಈ ಸಲ ಅತ್ತೆಯ ಹಂಚನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆವು, ಪ್ರತಿ ಹಾಬ್ ಮೇಲೂ ಇಟ್ಟು ನೋಡಿದೆವು. ಅಂಗಡಿಯ ಹುಡುಗರು ತಾವೇ ಮುಂದೆ ಬಂದು ಇನ್ನೂ ಎರಡು ಹಾಬ್ ತೋರಿಸಿದರು.

ಫಿಲ್ಟರ್ ಬಗ್ಗೆ ಒಂದು ಮಾತು. ಸಣ್ಣ ಜಾಲರಿಯ ಮೆಶ್ ಫಿಲ್ಟರ್ ನಮ್ಮ ಎಣ್ಣೆ ಅಡುಗೆಗೆ ಬೇಗ ಕಟ್ಟಿಕೊಳ್ಳುತ್ತದೆ. ಬ್ಯಾಫಲ್‌ನಲ್ಲಿ ಬಾಗಿದ ಸ್ಟೀಲ್ ಪಟ್ಟಿಗಳಿರುತ್ತವೆ. ಗಾಳಿ ತಿರುಗಿ ಹೋಗುವಾಗ ಎಣ್ಣೆ ಪಟ್ಟಿಗೆ ಅಂಟಿ ಕೆಳಗೆ ಇಳಿಯುತ್ತದೆ. ಬಿಸಿನೀರು, ಸೋಪು ಹಾಕಿ ತೊಳೆಯಬಹುದು. ಫಿಲ್ಟರ್ ಇಲ್ಲದ ಚಿಮಣಿಯೂ ಇದೆ, ಎಣ್ಣೆ ಒಂದು ಬಟ್ಟಲಿಗೆ ಇಳಿಯುತ್ತದೆ. ಪೈಪೇ ಬೇಡದ ಚಿಮಣಿಯನ್ನು ಮಾತ್ರ ಬೇರೆ ದಾರಿಯೇ ಇಲ್ಲದಿದ್ದರೆ ತಗೊಳ್ಳಿ. ಅದು ಇದ್ದಿಲಿನ ಫಿಲ್ಟರಿನಲ್ಲಿ ಗಾಳಿ ಸೋಸಿ ಒಳಗೇ ಬಿಡುತ್ತದೆ. ಶಾಖ, ಹಬೆ ಎರಡೂ ಮನೆಯಲ್ಲೇ ಉಳಿಯುತ್ತವೆ, ಇದ್ದಿಲನ್ನೂ ಆಗಾಗ ಬದಲಾಯಿಸುತ್ತಿರಬೇಕು.

ಇನ್ನು ಬಣ್ಣ. ಇಷ್ಟೆಲ್ಲ ಆದ ಮೇಲೆ ಬಣ್ಣದ ಕೆಲಸ ಸುಲಭವಾಗಿಬಿಟ್ಟಿತು. ಫ್ರಿಜ್ ಬೂದು ಸ್ಟೀಲ್, ಚಿಮಣಿ ಸ್ಟೀಲ್, ಹಾಬ್ ಕಪ್ಪು ಗಾಜು, ಮೈಕ್ರೋವೇವ್ ಕಪ್ಪು. ಎರಡೇ ಲೋಹದ ಬಣ್ಣ ಅಂತ ಹಟ ಹಿಡಿದೆವು. ಕಪಾಟಿನ ಹಿಡಿಗೂ ಹಿತ್ತಾಳೆ ಬಣ್ಣ ಬೇಡ, ಕಪ್ಪೇ ಇರಲಿ ಅಂದೆ. ಅತ್ತೆ ಕೊಟ್ಟ ನಿಜವಾದ ಹಿತ್ತಾಳೆ ಕೊಡ, ಚೊಂಬು ಬಲಗಡೆ ತೆರೆದ ಹಲಗೆಯ ಮೇಲೆ ಕೂತಿವೆ, ಅವು ಎದ್ದು ಕಾಣಲಿ ಅಂತ. ಹಾಬ್ ಹಿಂದಿನ ಗೋಡೆಗೆ ಮೊದಲು ಉಬ್ಬು ತಗ್ಗಿನ ಸಣ್ಣ ಟೈಲ್ ಆರಿಸಿದ್ದೆ. ಅದನ್ನು ಬಿಟ್ಟು ನಯವಾದ ದೊಡ್ಡ ಟೈಲ್ ಹಾಕಿಸಿದೆವು. ಸಂದು ಕಡಿಮೆ ಇದ್ದಷ್ಟು ಎಣ್ಣೆ ಜಿಡ್ಡು ಕಡಿಮೆ. ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ಅನ್ನುವ ಅಂಟು ತುಂಬಿಸಿದೆವು, ಸ್ವಲ್ಪ ದುಬಾರಿ, ಆದರೆ ಅರಿಶಿನದ ಕಲೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಚಿಮಣಿ ಪಕ್ಕದ ಕಪಾಟಿಗೆ ಹೊಳೆಯುವ ಅಕ್ರಿಲಿಕ್ ಬದಲು ಮ್ಯಾಟ್ ಲ್ಯಾಮಿನೇಟ್ ಹಾಕಿಸಿದೆವು.

ಸ್ಯಾಂಪಲ್ ತುಂಡುಗಳನ್ನು ಅಂಗಡಿಯಲ್ಲಿ ನೋಡಿ ಒಪ್ಪಬೇಡಿ. ಮನೆಗೆ ತಂದು, ಸಂಜೆ ಏಳು ಗಂಟೆಗೆ ನಿಮ್ಮ ಲೈಟಿನಲ್ಲೇ ನೋಡಿ. ನಾವು ಕೆನೆ ಬಣ್ಣ ಅಂತ ತಂದದ್ದು ಚಿಮಣಿಯ ಬಿಳಿ ಎಲ್‌ಇಡಿ ಕೆಳಗೆ ನೀಲಿ ಕಟ್ಟಿದ ಹಾಗೆ ಕಾಣುತ್ತಿತ್ತು. ಮೇಲಿನ ಲೈಟುಗಳು 3000 ಕೆಲ್ವಿನ್‌ನ ಹಳದಿ ಬೆಳಕಿನವು (ಈ ಅಂಕಿ ಹೆಚ್ಚಿದಷ್ಟೂ ಬೆಳಕು ಬಿಳಿ), ಚಿಮಣಿಯದು ತೀರಾ ಬಿಳಿ. ಕಪಾಟಿನ ಕೆಳಗಿನ ಪಟ್ಟಿ ಲೈಟನ್ನು 4000 ಕೆಲ್ವಿನ್‌ಗೆ ಬದಲಾಯಿಸಿದ ಮೇಲೆ ಎರಡೂ ಹೊಂದಿಕೊಂಡವು.

ಅಕ್ಟೋಬರ್ ಪೂರ್ತಿ ಕಾರ್ಪೆಂಟರ್ ಕೆಲಸ. ಮೇಲಿನ ಕಪಾಟುಗಳಲ್ಲಿ ಎರಡನ್ನು ಹೊಸದಾಗಿ ಮಾಡಬೇಕಾಯಿತು, ಪೈಪ್ ಹೋಗಲು ಲಾಫ್ಟ್‌ನಲ್ಲಿ ದಾರಿ ಬಿಡಬೇಕಾಯಿತು. ವಿದ್ಯುತ್ತಿನದು ಇನ್ನೊಂದು ತೊಂದರೆ. ಬಿಲ್ಡರ್ ಕೊಟ್ಟ ಸಾಕೆಟ್ ಹಾಬ್‌ನ ಹಿಂದೆ, ಉರಿಯ ಹತ್ತಿರ ಬರುತ್ತಿತ್ತು. ಚಿಮಣಿಗೆ ಬೇಕಾದ 6 ಆಂಪಿಯರ್ ಸಾಕೆಟ್ ಮೇಲೆ, ಅದರ ಸ್ಟೀಲ್ ಕವರಿನ ಹಿಂದೆ ಮರೆಯಾಗಿ ಇರಬೇಕು. ಕಾಂಕ್ರೀಟ್ ಗೋಡೆಯಲ್ಲಿ ವೈರ್ ಹುದುಗಿಸಲು ಕಾಲುವೆ ಕೊರೆಯುವಂತಿಲ್ಲ. ಕಪಾಟಿನ ಒಳಗಿಂದ ಕೇಸಿಂಗ್ ಪೈಪಿನಲ್ಲಿ ವೈರ್ ಎಳೆದು, ಅರ್ಥಿಂಗ್ ಸಮೇತ ಹೊಸ ಪಾಯಿಂಟ್ ಮಾಡಿಕೊಟ್ಟರು.

ಹಾಬ್ ಬಂದ ಮೇಲೆ ಉರಿ ನೋಡಿ ಗಾಬರಿಯಾಯಿತು. ಎಷ್ಟು ತಿರುಗಿಸಿದರೂ ದೀಪದ ಕುಡಿಯಷ್ಟೇ. ನಮ್ಮಲ್ಲಿ ಪೈಪ್ ಗ್ಯಾಸ್, ಹಾಬ್‌ನಲ್ಲಿದ್ದದ್ದು ಸಿಲಿಂಡರ್ ಗ್ಯಾಸಿನ ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಚಿಮ್ಮುವ ಸಣ್ಣ ಮೂತಿ. ಪೈಪ್ ಗ್ಯಾಸಿಗೆ ಜೆಟ್‌ನ ತೂತು ದೊಡ್ಡದಿರಬೇಕು. ಕಂಪನಿಯವರು ಬಂದು ಬದಲಾಯಿಸುವವರೆಗೆ ಆರು ದಿನ ಮತ್ತೆ ಆ ಒಂದು ಬರ್ನರಿನ ಸ್ಟವ್. ಕೊಳ್ಳುವಾಗಲೇ ನಿಮ್ಮ ಮನೆಗೆ ಯಾವ ಗ್ಯಾಸ್ ಅಂತ ಹೇಳಿ. ಜೆಟ್ ಅನ್ನು ಸ್ವಂತವಾಗಿ ಬದಲಾಯಿಸಲು ಹೋಗಬೇಡಿ.

ಚಿಮಣಿ ಕೂರಿಸಲು ಬಂದದ್ದು ಅದೇ ಹುಡುಗ. ನೋಡಿ ನನಗೆ ತಮ್ಮನೇ ಬಂದಷ್ಟು ಖುಷಿಯಾಯಿತು. ಪೈಪಿಗೆ ಮಡಚುವ ಅಲ್ಯೂಮಿನಿಯಂ ಕೊಳವೆ ತಂದಿದ್ದರು. ಅದನ್ನು ಪೂರ್ತಿ ಬಿಗಿಯಾಗಿ ಎಳೆದು ಹಾಕಿದರೆ ಒಳಗೆ ನಯವಾಗಿರುತ್ತದೆ, ಸಡಿಲ ಬಿಟ್ಟರೆ ಮಡಿಕೆಗಳಲ್ಲಿ ಎಣ್ಣೆ ನಿಲ್ಲುತ್ತದೆ ಅಂತ ತೋರಿಸಿ ಹಾಗೇ ಹಾಕಿದರು. ಎರಡೇ ತಿರುವು. ಹೊರಗಡೆ ಬಾಯಿಗೆ ಮಳೆ ನೀರು ಬರದ ಹಾಗೆ, ಪಾರಿವಾಳ ಗೂಡು ಕಟ್ಟದ ಹಾಗೆ ಜಾಲರಿ ಇರುವ ಕೌಲ್ ಅನ್ನುವ ಮುಚ್ಚಳ ಹಾಕಿದರು. ಮುಗಿದ ಮೇಲೆ ಊದುಬತ್ತಿ ಹಚ್ಚಿ ಬರ್ನರಿನ ಜಾಗದಲ್ಲಿ ಹಿಡಿದರು. ಹೊಗೆಯ ಎಳೆ ದಾರದ ಹಾಗೆ ನೇರ ಮೇಲೆ ಹೋಯಿತು. ಯುಟಿಲಿಟಿ ಬಾಗಿಲು, ಹಾಲ್ ಕಿಟಕಿ ಎಲ್ಲ ಮುಚ್ಚಿ ಹಿಡಿದಾಗ ಎಳೆ ಅಲ್ಲಾಡಿತು. ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕಲ್ವಾ. ಡೈನಿಂಗ್ ಕಡೆಯ ಕಿಟಕಿ ಸ್ವಲ್ಪ ತೆರೆದರೆ ಸಾಕು. ಹಾಬ್ ಪಕ್ಕದ ಕಿಟಕಿಯನ್ನು ಅಡುಗೆ ಹೊತ್ತಿನಲ್ಲಿ ಮುಚ್ಚಿಡುತ್ತೇವೆ.

ಯುಟಿಲಿಟಿಯಲ್ಲೋ ಬಚ್ಚಲಲ್ಲೋ ಗ್ಯಾಸ್ ಗೀಸರ್ ಇರುವವರು ಇದನ್ನು ಗಮನವಿಟ್ಟು ಓದಿ. ಮುಚ್ಚಿದ ಮನೆಯಲ್ಲಿ ಚಿಮಣಿ ಗಾಳಿ ಎಳೆಯುವಾಗ ಗೀಸರಿನ ಹೊಗೆಯೂ ಒಳಗೆ ಬರಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು, ಅದಕ್ಕೆ ವಾಸನೆ ಇರುವುದಿಲ್ಲ, ಜೀವಕ್ಕೇ ಅಪಾಯ. ಎರಡನ್ನೂ ಒಟ್ಟಿಗೆ ಹಚ್ಚಬೇಡಿ, ಗಾಳಿ ಬರುವ ದಾರಿ ಯಾವತ್ತೂ ತೆರೆದಿರಲಿ.

ಎಲ್ಲ ಮುಗಿಯಿತು ಅಂದುಕೊಂಡ ಮೂರನೇ ದಿನಕ್ಕೆ ಮೇಲಿನ ಮನೆಯ ಆಂಟಿ ಕೆಳಗೆ ಬಂದರು. ಅವರ ಒಣಗಿದ ಸೀರೆಗೆಲ್ಲ ನಮ್ಮ ಒಗ್ಗರಣೆ ವಾಸನೆ. ಸೀರೆಯ ಸೆರಗನ್ನೇ ಹಿಡಿದು ಮೂಸಲು ಕೊಟ್ಟರು. ಹೌದು, ಇಂಗಿನ ಘಮ. ನನಗೆ ಬಹಳ ಕೆಡುಕೆನಿಸಿತು. ಕೌಲ್ ಬಾಯಿ ಮೇಲ್ಮುಖವಾಗಿ ಓರೆಯಾಗಿತ್ತು. ಅವತ್ತೇ ಸಂಜೆ ಅದನ್ನು ತಿರುಗಿಸಿ, ಗ್ರಿಲ್‌ನಿಂದ ಅರ್ಧ ಅಡಿ ಆಚೆಗೆ, ಪಕ್ಕಕ್ಕೆ ಬಾಯಿ ಮಾಡಿಸಿದೆವು. ಆಮೇಲೆ ನಾನೇ ಒಂದು ಡಬ್ಬಿ ಚಟ್ನಿಪುಡಿ ತಗೊಂಡು ಮೇಲೆ ಹೋಗಿ ಕೇಳಿದೆ. ಈಗ ವಾಸನೆ ಬರುತ್ತಿಲ್ಲ ಅಂದರು.

ಖರ್ಚು ಕೇಳುವವರಿಗೆ: ಬದಲಾಯಿಸಿದ ಮೇಲೆ ಚಿಮಣಿಗೆ 21,500, ಹಾಬ್‌ಗೆ 16,800. ಪೈಪ್, ಕೌಲ್, ಕೂರಿಸಿದ್ದು ಸೇರಿ 3,400. ಇವು ಎಷ್ಟೋ ಸಲ ಚಿಮಣಿ ಬೆಲೆಯಲ್ಲಿ ಸೇರಿರುವುದಿಲ್ಲ, ಮೊದಲೇ ಕೇಳಿ. ಕಿಟಕಿಯ ಅಲ್ಯೂಮಿನಿಯಂ ಶೀಟ್ 1,800, ವೈರಿಂಗ್ 2,200, ಗ್ರಾನೈಟ್ ಕತ್ತರಿಸಲು 1,500. ಕಪಾಟು ಬದಲಾಯಿಸಿದ್ದಕ್ಕೆ 13,500. ಈ ಕೊನೆಯದು ಮಾತ್ರ ಸುಮ್ನೆ ಹೋದ ದುಡ್ಡು. ಜೂನ್‌ನಲ್ಲೇ ನಕ್ಷೆ ಬಿಚ್ಚಿ ನೋಡಿದ್ದರೆ ಉಳಿಯುತ್ತಿತ್ತು. ಬಿಲ್, ವಾರಂಟಿ ಕಾರ್ಡ್, ಕೂರಿಸಿದ ದಿನದ ಸಹಿ ಚೀಟಿ ಮೂರನ್ನೂ ಒಂದೇ ಕವರಿನಲ್ಲಿ ಇಟ್ಟಿದ್ದೇನೆ. ವಾರಂಟಿಯಲ್ಲಿ ಮೋಟಾರಿಗೆ ಒಂದು ಲೆಕ್ಕ, ಉಳಿದ ಭಾಗಗಳಿಗೆ ಇನ್ನೊಂದು ಲೆಕ್ಕ ಇರುತ್ತದೆ, ಓದಿಕೊಳ್ಳಿ.

ಈಗ ಒಲೆ ಹಚ್ಚುವ ಎರಡು ನಿಮಿಷ ಮೊದಲು ಚಿಮಣಿ ಹಾಕುತ್ತೇವೆ, ಅಡುಗೆ ಮುಗಿದ ಮೇಲೆ ಹತ್ತು ನಿಮಿಷ ಓಡಲು ಬಿಡುತ್ತೇವೆ. ಎರಡನೇ ವೇಗವೇ ಸಾಕಾಗುತ್ತದೆ, ಪಕ್ಕದಲ್ಲಿ ನಿಂತು ಮಾತಾಡಬಹುದು. ಮೆಣಸಿನಕಾಯಿ ಹುರಿಯುವ ದಿನ ಮಾತ್ರ ಮೂರನೆಯದು.

ಅಸೋಸಿಯೇಷನ್‌ನ ಡೆಪಾಸಿಟ್ ಚೆಕ್ ನಿನ್ನೆ ವಾಪಸ್ ಬಂತು. ಆ ರಟ್ಟಿನ ಚಿಮಣಿ ಇನ್ನೂ ಬಾಲ್ಕನಿಯಲ್ಲಿದೆ. ನನ್ನ ತಂಗಿಗೆ ಮುಂದಿನ ತಿಂಗಳು ಫ್ಲ್ಯಾಟಿನ ಕೀಲಿ ಸಿಗುತ್ತದೆ. ಈ ಶನಿವಾರ ಬಂದು ತಗೊಂಡು ಹೋಗ್ತೀನಿ, ನಕ್ಷೆನೂ ಜೊತೆಗೆ ತರ್ತೀನಿ ಅಂತ ಫೋನ್ ಮಾಡಿದ್ದಳು.